ಮೈಸೂರಿನಲ್ಲಿ ಕುಳಿತು ಬ್ರೆಜಿಲ್‌ನ ಸ್ಟಾಕ್ ಕಾರ್ ಋತುವನ್ನು ಅನುಸರಿಸುವ ಬಗೆ

ಬ್ರೆಜಿಲ್‌ನ ರಾಷ್ಟ್ರೀಯ ಸ್ಟಾಕ್ ಕಾರ್ ಚಾಂಪಿಯನ್‌ಷಿಪ್ 1979ರ ಏಪ್ರಿಲ್‌ನಲ್ಲಿ, ಆ ದೇಶದ ದಕ್ಷಿಣ ತುದಿಯ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದ ತರುಮಾ ಟ್ರ್ಯಾಕ್‌ನಲ್ಲಿ ಆರಂಭವಾಯಿತು. ಅಂದು ಓಡಿದವೆಲ್ಲ ಷೆವ್ರೊಲೆ ಒಪಾಲಾ ಕಾರುಗಳು. ಆ ವರ್ಷದ ಚಾಂಪಿಯನ್ ಪಾವ್ಲೊ ಗೋಮೆಸ್. ಅಲ್ಲಿಂದೀಚೆಗೆ ಕಾರು, ಎಂಜಿನ್, ಅಂಕಗಳ ಪದ್ಧತಿ ಎಲ್ಲವೂ ಹಲವು ಬಾರಿ ಬದಲಾಗಿವೆ. ಫಾರ್ಮುಲಾ ಒನ್ ನೋಡಿ ಪಳಗಿದವರು ಕೂಡ ಈ ಸರಣಿಯ ಮುಂದೆ ಮೊದಮೊದಲು ತಬ್ಬಿಬ್ಬಾಗುವುದು ಸಹಜ. ಒಂದೇ ವಾರಾಂತ್ಯದಲ್ಲಿ ಎರಡು ರೇಸ್‌ಗಳಿರುತ್ತವೆ, ಒಂದರಲ್ಲಿ ಮುಂಚೂಣಿಯ ಸಾಲನ್ನೇ ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ, ವರ್ಷದ ಕೊನೆಗೆ ಕೆಲವು ಕಳಪೆ ಫಲಿತಾಂಶಗಳನ್ನು ಲೆಕ್ಕದಿಂದ ಕೈಬಿಡುತ್ತಾರೆ. ಹೀಗಾಗಿ ಪರದೆಯ ಮೇಲೆ ಯಾರು ಮೊದಲು ಗುರಿ ಮುಟ್ಟಿದರು ಎಂಬುದನ್ನಷ್ಟೇ ನೋಡುತ್ತಾ ಹೋದರೆ ಇಡೀ ಋತುವನ್ನು ನೋಡಿಯೂ ಏನೂ ತಿಳಿಯದೆ ಉಳಿಯಬಹುದು. ಈ ಸರಣಿಯನ್ನು ಅನುಸರಿಸಬೇಕಾದರೆ ಲೆಕ್ಕದ ಪುಸ್ತಕವೊಂದನ್ನು ನಾವೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಸಲಹೆಗಳೆಲ್ಲ ಆ ಪುಸ್ತಕದ ಸುತ್ತಲೇ ಇವೆ.

ಗಡಿಯಾರ ಹೊಂದಿಸಿಕೊಳ್ಳುವುದು

ಬ್ರೆಸೀಲಿಯಾ ಸಮಯಕ್ಕೂ ನಮ್ಮ ಸಮಯಕ್ಕೂ ಎಂಟೂವರೆ ಗಂಟೆಗಳ ಅಂತರವಿದೆ. ನಾವು ಮುಂದೆ, ಅವರು ಹಿಂದೆ. ಬ್ರೆಜಿಲ್ 2019ರಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆಯನ್ನು ಕೈಬಿಟ್ಟ ಮೇಲೆ ಈ ಅಂತರ ವರ್ಷವಿಡೀ ಒಂದೇ ಆಗಿದೆ. ಅಲ್ಲಿ ಬೆಳಿಗ್ಗೆ 11ಕ್ಕೆ ಆರಂಭವಾಗುವ ರೇಸ್ ಮೈಸೂರಿನಲ್ಲಿ ಸಂಜೆ ಏಳೂವರೆಗೆ, ಅಂದರೆ ಊಟಕ್ಕೆ ಮುಂಚೆಯೇ ಶುರುವಾಗುತ್ತದೆ; ಮಧ್ಯಾಹ್ನ 2ರದ್ದು ರಾತ್ರಿ ಹತ್ತೂವರೆಗೆ ಬರುತ್ತದೆ; ಭಾನುವಾರ ಸಂಜೆ 4ರದ್ದಾದರೆ ನಡುರಾತ್ರಿ ದಾಟಿ ಹನ್ನೆರಡೂವರೆಗೆ, ನಮ್ಮ ಸೋಮವಾರಕ್ಕೆ ಬಂದು ಬೀಳುತ್ತದೆ. ಫೋನಿನಲ್ಲಿ ಅಲಾರಂ ಇಡುವಾಗ ದಿನಾಂಕವನ್ನೂ ನೋಡಿಕೊಳ್ಳಬೇಕಾದದ್ದು ಇದಕ್ಕಾಗಿಯೇ. ಅವರ ವೇಳಾಪಟ್ಟಿಯಲ್ಲಿ ಗಂಟೆ ಮತ್ತು ನಿಮಿಷಗಳ ನಡುವೆ ಚುಕ್ಕೆಯ ಬದಲು ‘ಎಚ್’ ಅಕ್ಷರವಿರುತ್ತದೆ. ಕಾಂಪೊ ಗ್ರಾಂಡೆಯಂಥ ಪಶ್ಚಿಮದ ಊರುಗಳ ಗಡಿಯಾರ ಬ್ರೆಸೀಲಿಯಾಗಿಂತ ಒಂದು ಗಂಟೆ ಹಿಂದೆ ಇರುವುದರಿಂದ, ಅಂಥ ಊರಿನಲ್ಲಿ ಸುತ್ತು ನಡೆಯುವಾಗ ವೇಳಾಪಟ್ಟಿ ಯಾವ ಸಮಯವನ್ನು ಹೇಳುತ್ತಿದೆ ಎಂಬುದನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಋತು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ ನಡೆಯುತ್ತದೆ. ಹತ್ತು ಹನ್ನೆರಡು ಸುತ್ತುಗಳು, ಒಂದೊಂದು ಸುತ್ತಿನ ನಡುವೆ ಎರಡು ಮೂರು ವಾರಗಳ ಬಿಡುವು. ಕೆಲಸಕ್ಕೆ ಹೋಗುವವರಿಗೂ ಇದು ಭಾರವಾಗದು. ಸರಣಿಯ ಅಧಿಕೃತ ಯೂಟ್ಯೂಬ್ ವಾಹಿನಿಯ ಪ್ರಸಾರ ಪೋರ್ಚುಗೀಸ್ ಭಾಷೆಯಲ್ಲಿರುತ್ತದೆ. ಭಾಷೆ ಬಾರದವರೂ ಪರದೆಯ ಎಡಬದಿಯ ಕ್ರಮಪಟ್ಟಿಯನ್ನು ಓದಿಕೊಂಡು ಸಾಗಬಹುದು, ಆದರೆ ನಾಲ್ಕು ಪದಗಳನ್ನು ಕಲಿತಿಟ್ಟುಕೊಂಡರೆ ಕೆಲಸ ಹಗುರವಾಗುತ್ತದೆ: ‘ಎಟಾಪಾ’ ಎಂದರೆ ಋತುವಿನ ಒಂದು ಸುತ್ತು, ‘ಲಾರ್ಗಾಡಾ’ ಎಂದರೆ ರೇಸ್‌ನ ಆರಂಭ, ‘ವೋಲ್ಟಾ’ ಎಂದರೆ ಟ್ರ್ಯಾಕ್‌ನ ಒಂದು ಪ್ರದಕ್ಷಿಣೆ, ‘ಡೆಸ್ಕಾರ್ಟೆ’ ಎಂದರೆ ಲೆಕ್ಕದಿಂದ ಕೈಬಿಟ್ಟ ಫಲಿತಾಂಶ. ಕೊನೆಯ ಪದವೇ ಎಲ್ಲಕ್ಕಿಂತ ಮುಖ್ಯ.

ನಿಯಮಾವಳಿ ಮತ್ತು ಲೆಕ್ಕದ ಪುಸ್ತಕ

ಮೊದಲ ರೇಸ್‌ಗೆ ಮುಂಚೆಯೇ ಆ ವರ್ಷದ ಕ್ರೀಡಾ ನಿಯಮಾವಳಿಯನ್ನು ಓದಿಕೊಳ್ಳಬೇಕು. ಬ್ರೆಜಿಲ್‌ನ ಮೋಟಾರು ಕ್ರೀಡಾ ಒಕ್ಕೂಟವಾದ ಸಿಬಿಎ ಇದನ್ನು ಪಿಡಿಎಫ್ ರೂಪದಲ್ಲಿ ಪ್ರಕಟಿಸುತ್ತದೆ. ಫೋನಿನ ಅನುವಾದ ಸೌಲಭ್ಯದಿಂದ ಅದರ ತಿರುಳನ್ನು ತಿಳಿಯಬಹುದು. ಕಳೆದ ವರ್ಷದ ನಿಯಮವೇ ಈ ವರ್ಷವೂ ಇರುತ್ತದೆ ಎಂದು ನಂಬಿ ಕೂರಬಾರದು. ಎರಡು ಸಾವಿರದ ದಶಕದ ನಡುವಿನಿಂದ ಕೆಲವು ವರ್ಷ ಮೊದಲ ಹತ್ತು ಚಾಲಕರಷ್ಟೇ ಪ್ರಶಸ್ತಿಗಾಗಿ ಕೊನೆಯ ರೇಸ್‌ಗಳಲ್ಲಿ ಸೆಣಸುವ ಪ್ಲೇಆಫ್ ಪದ್ಧತಿಯಿತ್ತು. ಮುಂದೆ ಅದು ಹೋಗಿ, ಕೆಲವು ಋತುಗಳಲ್ಲಿ ಕೊನೆಯ ಸುತ್ತಿಗೆ ದುಪ್ಪಟ್ಟು ಅಂಕ ಕೊಡುವ ಪದ್ಧತಿ ಬಂತು. ಎರಡೂ ರೇಸ್‌ಗಳನ್ನು ಭಾನುವಾರವೇ ನಡೆಸಿದ ಋತುಗಳಿವೆ, ಶನಿವಾರ ಕಿರು ರೇಸ್ ಮತ್ತು ಭಾನುವಾರ ಮುಖ್ಯ ರೇಸ್ ಎಂದು ಹಂಚಿದ ಋತುಗಳೂ ಇವೆ. ನಿಯಮಾವಳಿಯಲ್ಲಿ ಹುಡುಕಬೇಕಾದವು ಮುಖ್ಯವಾಗಿ ಇವು: ಯಾವ ಸ್ಥಾನಕ್ಕೆ ಎಷ್ಟು ಅಂಕ, ಎರಡು ರೇಸ್‌ಗಳಿಗೂ ಒಂದೇ ಅಂಕವೇ, ಎಷ್ಟು ಫಲಿತಾಂಶಗಳನ್ನು ಕೈಬಿಡಬಹುದು, ಅನರ್ಹಗೊಂಡು ಬಂದ ಸೊನ್ನೆಯನ್ನೂ ಕೈಬಿಡಲು ಅವಕಾಶವಿದೆಯೇ, ಕೊನೆಯ ಸುತ್ತಿಗೆ ವಿಶೇಷ ಅಂಕವಿದೆಯೇ.

ಇನ್ನು ಪುಸ್ತಕ. ಅಂಗಡಿಯ ಲೆಕ್ಕಕ್ಕೆ ಬಳಸುವ ಉದ್ದನೆಯ ಪುಸ್ತಕವೇ ಇದಕ್ಕೆ ಅನುಕೂಲ. ಎಡಬದಿಯಲ್ಲಿ ಚಾಲಕರ ಹೆಸರು, ಮೇಲ್ಗಡೆ ಸುತ್ತುಗಳು, ಒಂದೊಂದು ಸುತ್ತಿಗೂ ಎರಡೆರಡು ಕಿರುಗೆರೆಯ ಮನೆಗಳು. ಮೂವತ್ತರ ಆಸುಪಾಸಿನ ಕಾರುಗಳು ಓಡುವುದರಿಂದ ಎಲ್ಲರನ್ನೂ ಬರೆಯಲು ಹೊರಟರೆ ಬೇಸರ ಬರುತ್ತದೆ. ಆರಂಭದ ಮೂರು ಸುತ್ತುಗಳಾದ ಮೇಲೆ ಮೊದಲ ಹನ್ನೆರಡು ಮಂದಿಯನ್ನು ಆಯ್ದುಕೊಂಡು ಉಳಿದವರನ್ನು ಬಿಟ್ಟರೆ ಸಾಕು. ಬಲಬದಿಯಲ್ಲಿ ಎರಡು ಮೊತ್ತಗಳಿಗೆ ಜಾಗ ಬಿಡಬೇಕು: ಒಂದು ಎಲ್ಲವನ್ನೂ ಕೂಡಿದ ಮೊತ್ತ, ಇನ್ನೊಂದು ಕೈಬಿಡಬಹುದಾದವನ್ನು ಕಳೆದ ಮೊತ್ತ.

ಈ ಎರಡನೆಯ ಮೊತ್ತ ಏಕೆ ಬೇಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಲೆಕ್ಕ ಸುಲಭವಾಗಲೆಂದು ಊಹೆಯ ಅಂಕಗಳನ್ನೇ ತೆಗೆದುಕೊಳ್ಳೋಣ. ಆರು ರೇಸ್‌ಗಳಲ್ಲಿ ಒಬ್ಬ ಚಾಲಕ ಕ್ರಮವಾಗಿ 30, 0, 30, 8, 24, 0 ಅಂಕ ಗಳಿಸಿದ್ದಾನೆ. ಗೆದ್ದರೆ ಪೂರ್ತಿ ಗೆಲ್ಲುತ್ತಾನೆ, ಕೆಟ್ಟರೆ ಪೂರ್ತಿ ಕೆಡುತ್ತಾನೆ. ಇನ್ನೊಬ್ಬ ನಿಧಾನಸ್ಥ, ಅವನ ಅಂಕಗಳು 18, 16, 20, 14, 18, 12. ಬರೀ ಕೂಡಿದರೆ ಮೊದಲನೆಯವನಿಗೆ 92, ಎರಡನೆಯವನಿಗೆ 98. ಪಟ್ಟಿಯಲ್ಲಿ ನಿಧಾನಸ್ಥನೇ ಮುಂದೆ. ಆದರೆ ತಲಾ ಎರಡು ಕಳಪೆ ಫಲಿತಾಂಶಗಳನ್ನು ಕೈಬಿಟ್ಟು ನೋಡಿ. ಮೊದಲನೆಯವನು ಕಳೆದುಕೊಳ್ಳುವುದು ಎರಡು ಸೊನ್ನೆಗಳನ್ನು, ಅವನ 92 ಹಾಗೆಯೇ ಉಳಿಯುತ್ತದೆ. ಎರಡನೆಯವನು 12 ಮತ್ತು 14ನ್ನು ಬಿಡಬೇಕಾಗಿ 72ಕ್ಕೆ ಇಳಿಯುತ್ತಾನೆ. ಆರು ಅಂಕಗಳ ಹಿನ್ನಡೆ ಇಪ್ಪತ್ತು ಅಂಕಗಳ ಮುನ್ನಡೆಯಾಯಿತು. ಋತುವಿನ ನಡುವೆ ಪತ್ರಿಕೆಗಳು ಅಚ್ಚು ಹಾಕುವ ಪಟ್ಟಿಗಳಲ್ಲಿ ಕೆಲವು ಮೊದಲ ಬಗೆಯವು, ಕೆಲವು ಎರಡನೆಯ ಬಗೆಯವು. ಎರಡನ್ನೂ ಬೆರೆಸಿ ಓದಿದವರಿಗೆ ಯಾರು ಮುಂದಿದ್ದಾರೆಂಬುದೇ ತಿಳಿಯುವುದಿಲ್ಲ. ಕೈಬಿಡುವ ನಿಯಮ ಎದೆಗಾರಿಕೆಯ ಚಾಲಕನಿಗೆ ಒಲಿಯುತ್ತದೆ, ಆದರೆ ಅವನ ಬಳಿ ಸೊನ್ನೆಗಳ ಕೋಟಾ ಮುಗಿಯುವವರೆಗೆ ಮಾತ್ರ. ಹೀಗಾಗಿ ಪ್ರತಿಯೊಬ್ಬನೂ ಎಷ್ಟು ಸೊನ್ನೆಗಳನ್ನು ಖರ್ಚು ಮಾಡಿದ್ದಾನೆ ಎಂಬುದನ್ನು ಹೆಸರಿನ ಪಕ್ಕದಲ್ಲಿ ಗುರುತು ಹಾಕಿಕೊಳ್ಳುವುದು ಉತ್ತಮ.

ಥಿಯಾಗೊ ಕಮಿಲೊ ಅವರ ವೃತ್ತಿಜೀವನ ಇದಕ್ಕೆ ತಕ್ಕ ಪಾಠ. ಹತ್ತಾರು ರೇಸ್‌ಗಳನ್ನು ಗೆದ್ದಿರುವ, ಸರಣಿಯ ಅತ್ಯಂತ ವೇಗದ ಚಾಲಕರ ಸಾಲಿನಲ್ಲಿ ಸದಾ ಇರುವ ಅವರು 2024ರ ಕೊನೆಯವರೆಗೂ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. ಅವರ ಹೆಸರಿನ ಮುಂದಿನ ಮನೆಗಳನ್ನು ತುಂಬುತ್ತಾ ಹೋದವರಿಗೆ ಗೆಲುವಿಗೂ ಪ್ರಶಸ್ತಿಗೂ ನಡುವಿನ ದೂರ ಕಣ್ಣಿಗೆ ಕಟ್ಟುತ್ತದೆ.

ಟ್ರ್ಯಾಕ್‌ಗಳನ್ನು ಓದುವುದು

ಪ್ರತಿ ಸುತ್ತಿಗೂ ಮುಂಚೆ ಆ ಟ್ರ್ಯಾಕ್‌ನ ನಕ್ಷೆಯನ್ನು ಪುಸ್ತಕದಲ್ಲಿ ಕೈಯಾರೆ ಬರೆದುಕೊಳ್ಳುವ ಅಭ್ಯಾಸ ಬಹಳ ಉಪಯುಕ್ತ. ಮುದ್ರಿಸಿ ಅಂಟಿಸಿದರೆ ತಿರುವುಗಳು ತಲೆಯಲ್ಲಿ ಉಳಿಯುವುದಿಲ್ಲ. ಮೊದಲು ಕಲಿಯಬೇಕಾದದ್ದು ಸಾವ್ ಪಾವ್ಲೊ ನಗರದ ಇಂಟರ್‌ಲಾಗೋಸ್, ಅಧಿಕೃತ ಹೆಸರಿನಲ್ಲಿ ಜೋಸೆ ಕಾರ್ಲೋಸ್ ಪಾಚೆ ಆಟೊಡ್ರೋಮ್. 1940ರಲ್ಲಿ ತೆರೆದ ಈ ಟ್ರ್ಯಾಕ್‌ನ ಇಂದಿನ ಉದ್ದ 4.309 ಕಿಲೋಮೀಟರ್. ಕುಕ್ಕರಹಳ್ಳಿ ಕೆರೆಯ ಸುತ್ತಿನ ಕಾಲುದಾರಿಯನ್ನು ಒಮ್ಮೆ ಪೂರ್ತಿ ನಡೆದವರಿಗೆ ಈ ದೂರದ ಅಂದಾಜು ಸಿಗುತ್ತದೆ; ನಮಗೆ ಮುಕ್ಕಾಲು ಗಂಟೆಗೂ ಮೀರಿ ಹಿಡಿಯುವ ಆ ದೂರವನ್ನು ಸ್ಟಾಕ್ ಕಾರು ಒಂದು ನಿಮಿಷ ನಲವತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿಸುತ್ತದೆ. ಇಲ್ಲಿ ಕಾರುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಓಡುತ್ತವೆ. ಆರಂಭದ ನೇರದಾರಿ ಮುಗಿಯುತ್ತಲೇ ಸೆನ್ನಾ ಹೆಸರಿನ ಜೋಡಿ ತಿರುವು ಇಳಿಜಾರಿಗೆ ಬೀಳುತ್ತದೆ. ಪ್ರದಕ್ಷಿಣೆಯ ಕೊನೆಯಲ್ಲಿ ಜುನ್ಸಾವ್ ಎಂಬ ಎಡತಿರುವಿನಿಂದ ಹಿಡಿದು ಆರಂಭದ ಗೆರೆಯವರೆಗೆ ಒಂದೇ ಸಮನೆ ಏರುದಾರಿ. ಜುನ್ಸಾವ್‌ನಿಂದ ಯಾವ ಕಾರು ಚೊಕ್ಕವಾಗಿ ಹೊರಬರುತ್ತದೆ ಎಂಬುದನ್ನು ಗಮನಿಸಿದರೆ ಮುಂದಿನ ತಿರುವಿನಲ್ಲಿ ಯಾರು ಯಾರನ್ನು ದಾಟುತ್ತಾರೆಂದು ಹತ್ತು ಸೆಕೆಂಡು ಮುಂಚೆಯೇ ಹೇಳಬಹುದು. ಅಲ್ಲಿ ಒಂದಿಷ್ಟು ಹಿಡಿತ ತಪ್ಪಿ ವೇಗ ಕಳೆದುಕೊಂಡವನು ಇಡೀ ಏರಿನುದ್ದಕ್ಕೂ ಅದರ ಬೆಲೆ ತೆರುತ್ತಾನೆ.

ಗೊಯಾನಿಯಾದ ಆಯರ್ಟನ್ ಸೆನ್ನಾ ಟ್ರ್ಯಾಕ್‌ನ ಪೂರ್ಣ ಉದ್ದ 3.835 ಕಿಲೋಮೀಟರ್, ಒಳಗಿನ ತಿರುವುಗಳನ್ನು ಬಿಟ್ಟು ಹೊರವರ್ತುಲದಲ್ಲಷ್ಟೇ ಓಡಿಸಿದ ರೇಸ್‌ಗಳೂ ಇಲ್ಲಿ ನಡೆದಿವೆ. ಆದ್ದರಿಂದ ಊರಿನ ಹೆಸರು ನೋಡಿ ಹಳೆಯ ನಕ್ಷೆಯನ್ನೇ ನಕಲು ಮಾಡಿಕೊಳ್ಳಬಾರದು. ಪರಾನಾ ರಾಜ್ಯದ ಕಸ್ಕವೆಲ್ ಪುಟ್ಟದಾದರೂ ಬಾಸಿಯಾವ್ ಎಂಬ ಅತಿವೇಗದ ಇಳಿತಿರುವಿನಿಂದಾಗಿ ಚಾಲಕರ ಗಂಡೆದೆಯನ್ನು ಒರೆಗೆ ಹಚ್ಚುವ ಜಾಗ. ದಕ್ಷಿಣದ ವೆಲೊಪಾರ್ಕ್ ಕೇವಲ 2.278 ಕಿಲೋಮೀಟರ್; ಒಂದು ನಿಮಿಷದೊಳಗೆ ಪ್ರದಕ್ಷಿಣೆ ಮುಗಿಯುವುದರಿಂದ, ಆರಂಭದ ಸ್ಥಾನಗಳನ್ನು ನಿರ್ಧರಿಸುವ ಅರ್ಹತಾ ಓಟದಲ್ಲಿ ಕಾರುಗಳ ನಡುವಿನ ಅಂತರ ಸೆಕೆಂಡಿನ ಸಾವಿರದ ಒಂದಂಶಗಳಿಗೆ ಇಳಿಯುತ್ತದೆ. ಇವಲ್ಲದೆ ಆಗಾಗ ವಿಚಿತ್ರ ಜಾಗಗಳೂ ಸೇರುತ್ತವೆ: 2022ರಲ್ಲಿ ರಿಯೊ ಡಿ ಜನೈರೊದ ಗಲಿಯಾವ್ ವಿಮಾನ ನಿಲ್ದಾಣದೊಳಗೆ, 2024ರಲ್ಲಿ ಬೆಲೊ ಒರಿಜಾಂಟೆ ನಗರದ ಮಿನೇರಾವ್ ಫುಟ್‌ಬಾಲ್ ಕ್ರೀಡಾಂಗಣದ ಸುತ್ತಲಿನ ಬೀದಿಗಳಲ್ಲಿ ರೇಸ್ ನಡೆಯಿತು. ಗೋಡೆಗಳ ನಡುವಿನ ಇಂಥ ಟ್ರ್ಯಾಕ್‌ಗಳಲ್ಲಿ ಸೊನ್ನೆಗಳು ಧಾರಾಳವಾಗಿ ಬೀಳುತ್ತವೆ, ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿ.

ಹವಾಮಾನವನ್ನೂ ತಿರುಗಿಸಿ ಯೋಚಿಸಬೇಕು. ನಮ್ಮಲ್ಲಿ ಮುಂಗಾರು ಹಿಡಿದಿರುವ ಜೂನ್, ಜುಲೈ ಅಲ್ಲಿ ಚಳಿಗಾಲ. ದಕ್ಷಿಣದ ರಾಜ್ಯಗಳಲ್ಲಿ ಟೈರುಗಳು ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಡಿಸೆಂಬರ್ ಅಲ್ಲಿ ಬೇಸಿಗೆ, ಸಾವ್ ಪಾವ್ಲೊದಲ್ಲಿ ಮಧ್ಯಾಹ್ನದ ಮಳೆಯ ಕಾಲ.

ಕಾರು ಮತ್ತು ಕಬ್ಬು

ಹೆಸರಿನಲ್ಲಿ ಸ್ಟಾಕ್, ಅಂದರೆ ಮಾರಾಟಕ್ಕೆ ಬರುವಂಥದ್ದು, ಎಂದಿದ್ದರೂ ಷೋರೂಮಿನ ಕಾರಿಗೂ ಇದಕ್ಕೂ ಸಂಬಂಧ ಹೊರಮೈಯದಷ್ಟೇ. ಒಪಾಲಾ, ಆಮೇಲೆ ಒಮೆಗಾ ಕಾರುಗಳ ಕಾಲದಲ್ಲಿ ನಿಜವಾದ ಕಾರನ್ನೇ ಮಾರ್ಪಡಿಸುತ್ತಿದ್ದರು. 2000ದ ಹೊತ್ತಿಗೆ ಕೊಳವೆಗಳಿಂದ ಬೆಸೆದ ಒಂದೇ ಬಗೆಯ ಚಾಸಿ, ಅಂದರೆ ಕಾರಿನ ಚೌಕಟ್ಟು, ಬಂತು. ಅದರ ಮೇಲೆ ಬ್ರ್ಯಾಂಡಿಗೆ ತಕ್ಕ ಹೊದಿಕೆ. 2025ರಲ್ಲಿ ಸೆಡಾನ್ ಆಕಾರವನ್ನು ಬಿಟ್ಟು ಎಸ್‌ಯುವಿ ಆಕಾರಕ್ಕೆ ಬಂದರು: ಷೆವ್ರೊಲೆ ಟ್ರ್ಯಾಕರ್, ಟೊಯೊಟಾ ಕೊರೊಲಾ ಕ್ರಾಸ್, ಮಿತ್ಸುಬಿಷಿ ಎಕ್ಲಿಪ್ಸ್ ಕ್ರಾಸ್, ಹಳೆಯ ವಿ8 ಎಂಜಿನ್ ಹೋಗಿ ನಾಲ್ಕು ಸಿಲಿಂಡರ್‌ನ ಟರ್ಬೊ ಬಂತು. ಹೊದಿಕೆಯೊಳಗಿನದೆಲ್ಲ ಬಹುಮಟ್ಟಿಗೆ ಒಂದೇ ಆದ್ದರಿಂದ ಬ್ರ್ಯಾಂಡಿನ ಅಭಿಮಾನವಿಟ್ಟು ನೋಡುವುದರಲ್ಲಿ ಅರ್ಥವಿಲ್ಲ, ತಂಡವನ್ನು ನೋಡಬೇಕು. ಒಂದೇ ತಂಡದ ಎರಡು ಕಾರುಗಳು ಹೇಗೆ ಓಡುತ್ತಿವೆ ಎಂಬುದನ್ನು ಹೋಲಿಸಿದರೆ ಚಾಲಕನ ಪಾಲೆಷ್ಟು, ಕಾರಿನ ಪಾಲೆಷ್ಟು ಎಂಬುದು ತಿಳಿಯುತ್ತದೆ.

ಮಂಡ್ಯದವರಿಗೆ ಈ ಸರಣಿಯೊಂದಿಗೆ ಇನ್ನೊಂದು ನಂಟು ಕಾಣಬಹುದು. ಬ್ರೆಜಿಲ್ ಜಗತ್ತಿನಲ್ಲೇ ಅತಿ ಹೆಚ್ಚು ಕಬ್ಬು ಬೆಳೆಯುವ ದೇಶ. ತೈಲದ ಬೆಲೆ ಏರಿದ ಎಪ್ಪತ್ತರ ದಶಕದಲ್ಲಿ, 1975ರಲ್ಲಿ, ಕಬ್ಬಿನಿಂದ ಎಥನಾಲ್ ತಯಾರಿಸಿ ವಾಹನಗಳಿಗೆ ಬಳಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆ ಸರ್ಕಾರ ಆರಂಭಿಸಿತು. 1933ರಿಂದ ಮೈಷುಗರ್ ಕಾರ್ಖಾನೆಯ ಸೈರನ್ ಕೇಳುತ್ತಾ ಬಂದ ಊರಿಗೆ ಆ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟಾಕ್ ಕಾರ್ ಸರಣಿ ನಡುವೆ ಪೆಟ್ರೋಲಿಗೆ ಹೋಗಿದ್ದು, 2010ರಲ್ಲಿ ಎಲೆಕ್ಟ್ರಾನಿಕ್ ಇಂಧನ ಚಿಮ್ಮಿಕೆಯೊಂದಿಗೆ ಮತ್ತೆ ಎಥನಾಲ್‌ಗೆ ಮರಳಿತು. ಅದೇ ವರ್ಷ ಕಬ್ಬಿನ ಸೀಮೆಯ ನಡುವಿನ ರಿಬೇರಾವ್ ಪ್ರೆಟೊ ನಗರದ ಬೀದಿಗಳಲ್ಲೂ ರೇಸ್ ನಡೆಯಿತು. ಹನ್ನೆರಡು ಬಾರಿ ಚಾಂಪಿಯನ್ ಆಗಿ ಈ ಸರಣಿಯ ದಾಖಲೆ ಹೊಂದಿರುವ ಇಂಗೊ ಹಾಫ್‌ಮನ್ ಅದಕ್ಕೂ ಮುಂಚೆ, 1976 ಮತ್ತು 77ರಲ್ಲಿ, ಫಾರ್ಮುಲಾ ಒನ್‌ನಲ್ಲಿ ಓಡಿಸಿದ್ದು ಫಿಟ್ಟಿಪಾಲ್ಡಿ ಸಹೋದರರ ತಂಡದ ಕಾರನ್ನು. ಆ ತಂಡಕ್ಕೆ ಹಣ ಕೊಟ್ಟದ್ದು ಕೊಪೆರ್‌ಸುಕರ್ ಎಂಬ ಸಕ್ಕರೆ ಸಹಕಾರ ಸಂಘ. ಸಕ್ಕರೆ ಸಹಕಾರ ಸಂಘವೊಂದು ಫಾರ್ಮುಲಾ ಒನ್ ತಂಡಕ್ಕೆ ಹಣ ಕೊಟ್ಟಿತೆಂದರೆ ನಮ್ಮ ಕಡೆಯ ರೈತರು ಮೊದಲು ಕೇಳುವ ಪ್ರಶ್ನೆ ಬಾಕಿ ಹಣದ ಕುರಿತಾಗಿರುತ್ತದೆ, ಅದಿರಲಿ.

ಎಥನಾಲ್ ರೇಸ್‌ನ ಲೆಕ್ಕವನ್ನೂ ಬದಲಿಸುತ್ತದೆ. ಲೀಟರಿಗೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ, ಹಾಗಾಗಿ ಅಷ್ಟೇ ದೂರಕ್ಕೆ ಹೆಚ್ಚು ಇಂಧನ ಬೇಕು. ಇಂಧನ ತುಂಬಿಸಲು ಟ್ರ್ಯಾಕ್ ಬದಿಯ ನಿಲುಗಡೆಯಾದ ಪಿಟ್‌ಗೆ ಬರುವ ರೇಸ್‌ಗಳಲ್ಲಿ, ಒಂದೊಂದು ಸೆಕೆಂಡು ಹೆಚ್ಚು ನಿಂತಾಗಲೂ ಟ್ರ್ಯಾಕ್ ಮೇಲೆ ಸ್ಥಾನಗಳು ಜಾರುತ್ತವೆ. ಕಾರು ನಿಂತ ಕ್ಷಣದಿಂದ ಹೊರಟ ಕ್ಷಣದವರೆಗೆ ಫೋನಿನ ಸ್ಟಾಪ್‌ವಾಚ್ ಒತ್ತಿ ಸಮಯ ಬರೆದುಕೊಳ್ಳಿ. ಕಡಿಮೆ ತುಂಬಿಸಿಕೊಂಡು ಬೇಗ ಹೊರಟವನು ಕೊನೆಯಲ್ಲಿ ಇಂಧನ ಉಳಿಸುತ್ತಾ ತೆವಳುವುದನ್ನು ಆ ಒಂದು ಅಂಕಿಯಿಂದಲೇ ಮುಂಚಿತವಾಗಿ ಊಹಿಸಬಹುದು.

ರೇಸ್ ನಡೆಯುವಾಗ

ಅರ್ಹತಾ ಓಟ ಹಲವು ಋತುಗಳಲ್ಲಿ ಮೂರು ಹಂತಗಳಲ್ಲಿ ನಡೆದಿದೆ. ಹಂತಹಂತವಾಗಿ ನಿಧಾನದವರು ಹೊರಬಿದ್ದು ಕೊನೆಗೆ ಬೆರಳೆಣಿಕೆಯ ಚಾಲಕರು ಮೊದಲ ಸ್ಥಾನಕ್ಕೆ ಸೆಣಸುತ್ತಾರೆ. ಸಮಯವಿಲ್ಲದವರು ಇದನ್ನು ಬಿಟ್ಟು ಫಲಿತಾಂಶವನ್ನಷ್ಟೇ ಬರೆದುಕೊಂಡರೂ ನಷ್ಟವಿಲ್ಲ.

ತಲೆಕೆಳಗಿನ ಸಾಲಿನ ರೇಸ್ ಮಾತ್ರ ಬಿಡಬಾರದು. ಮೊದಲ ಹತ್ತು ಸ್ಥಾನಗಳನ್ನು ಮಗುಚುವ ಪದ್ಧತಿಯಿದ್ದ ಋತುಗಳಲ್ಲಿ, ಮೊದಲ ರೇಸ್‌ನಲ್ಲಿ ಗೆದ್ದವನು ಎರಡನೆಯದಕ್ಕೆ ಹತ್ತನೆಯವನಾಗಿ ನಿಲ್ಲುತ್ತಾನೆ, ಹತ್ತನೆಯವನು ಮುಂಚೂಣಿಗೆ ಬರುತ್ತಾನೆ, ಹನ್ನೊಂದನೆಯವನು ಹನ್ನೊಂದರಲ್ಲೇ ಉಳಿಯುತ್ತಾನೆ. ಹೀಗಾಗಿ ಮೊದಲ ರೇಸ್‌ನ ಕೊನೆಯ ಪ್ರದಕ್ಷಿಣೆಗಳಲ್ಲಿ ಕ್ಯಾಮರಾ ಗೆಲ್ಲುವವನ ಮೇಲಿದ್ದರೂ ನಿಮ್ಮ ಕಣ್ಣು ಕ್ರಮಪಟ್ಟಿಯ ಒಂಬತ್ತರಿಂದ ಹನ್ನೆರಡನೆಯ ಸಾಲುಗಳ ಮೇಲಿರಬೇಕು. ಒಂಬತ್ತನೆಯವನ ವೇಗ ಇದ್ದಕ್ಕಿದ್ದಂತೆ ಒಂದೂವರೆ ಸೆಕೆಂಡು ಇಳಿಯುತ್ತದೆ. ಹಿಂದಿನವನು ದಾಟಲು ಅವಸರಪಡುವುದಿಲ್ಲ. ಹನ್ನೊಂದನೆಯವನೋ ಹೇಗಾದರೂ ಒಂದು ಸ್ಥಾನ ಮೇಲೇರಲು ಟೈರು ಸವೆಸುತ್ತಿರುತ್ತಾನೆ. ಈ ರೇಸ್‌ಗಳಲ್ಲಿ ಸಮಯ ನಿಗದಿಯಾಗಿದ್ದು, ಅದು ಮುಗಿದ ಮೇಲೆ ಇನ್ನೊಂದು ಪ್ರದಕ್ಷಿಣೆ ಓಡಬೇಕಾಗುತ್ತದೆ. ಆ ಹೆಚ್ಚುವರಿ ಪ್ರದಕ್ಷಿಣೆಯಲ್ಲೇ ಇಂಥ ಲೆಕ್ಕಗಳು ತಪ್ಪುವುದು ಹೆಚ್ಚು.

ದಾಟುವ ಗುಂಡಿಯೂ ಹೀಗೆಯೇ ಲೆಕ್ಕದ ವಸ್ತು. ಅದನ್ನು ಒತ್ತಿದಾಗ ಎಂಜಿನ್ ಕೆಲವು ಸೆಕೆಂಡು ಹೆಚ್ಚು ಶಕ್ತಿ ಕೊಡುತ್ತದೆ, ಆದರೆ ರೇಸ್‌ಗೆ ಇಂತಿಷ್ಟೇ ಬಾರಿ ಎಂಬ ಮಿತಿಯಿದೆ. ಜುನ್ಸಾವ್‌ನ ಏರಿನಲ್ಲಿ ಮೊದಲ ಹತ್ತು ನಿಮಿಷಕ್ಕೇ ಎಲ್ಲವನ್ನೂ ಮುಗಿಸಿಕೊಂಡವನನ್ನು ಕೊನೆಗೆ ಯಾರು ಬೇಕಾದರೂ ದಾಟುತ್ತಾರೆ. ಗೆದ್ದವರ ಕಾರಿಗೆ ಮುಂದಿನ ಸುತ್ತಿನಲ್ಲಿ ಹೆಚ್ಚುವರಿ ತೂಕ ಹೇರುವ ನಿಯಮವೂ ಕೆಲವು ಋತುಗಳಲ್ಲಿ ಇದ್ದದ್ದರಿಂದ, ಕಳೆದ ಸುತ್ತಿನ ವೀರ ಈ ಸುತ್ತಿನಲ್ಲಿ ಹಿಂದೆ ಬಿದ್ದರೆ ಅವನ ಕೈಚಳಕ ಕೆಟ್ಟಿತೆಂದು ತೀರ್ಮಾನಿಸುವ ಮುನ್ನ ತೂಕದ ಪಟ್ಟಿ ನೋಡಬೇಕು.

ಋತುವಿನ ನಡುವೆ ‘ಮಿಲಿಯನ್ ರೇಸ್’ ಎಂಬುದೊಂದು ಬರುವುದುಂಟು. 2008ರಲ್ಲಿ ರಿಯೊದ ಜಕರೆಪಗುವಾ ಟ್ರ್ಯಾಕ್‌ನಲ್ಲಿ ಇದು ಮೊದಲು ನಡೆದಾಗ ಗೆದ್ದ ವಾಲ್ಡೆನೊ ಬ್ರಿಟೊಗೆ ಹತ್ತು ಲಕ್ಷ ರಿಯಾಲ್ (ಬ್ರೆಜಿಲ್‌ನ ನಾಣ್ಯ) ಬಹುಮಾನ ಸಿಕ್ಕಿತು. ಆ ಟ್ರ್ಯಾಕ್ ಮುಂದೆ ಒಲಿಂಪಿಕ್ಸ್‌ಗಾಗಿ ನೆಲಸಮವಾಯಿತು. ಹಣದ ಆಸೆಗೆ ಅಂಕ ಮರೆತು ಓಡಿಸುವವರು, ಅಂಕದ ಚಿಂತೆಗೆ ಹಣ ಬಿಡುವವರು, ಇಬ್ಬರೂ ಅಂದು ಒಂದೇ ಟ್ರ್ಯಾಕ್‌ನಲ್ಲಿರುತ್ತಾರೆ. 2014ರಲ್ಲಿ ಗೊಯಾನಿಯಾದಲ್ಲಿ ಈ ರೇಸನ್ನೂ ಗೆದ್ದು, ಆ ವರ್ಷದ ಚಾಂಪಿಯನ್ ಪಟ್ಟವನ್ನೂ ಪಡೆದವರು ರುಬೆನ್ಸ್ ಬ್ಯಾರಿಕೆಲ್ಲೊ. ಫಾರ್ಮುಲಾ ಒನ್‌ನಲ್ಲಿ 2002 ಮತ್ತು 2004ರಲ್ಲಿ ಎರಡನೆಯ ಸ್ಥಾನಕ್ಕೇ ನಿಂತಿದ್ದ ಅವರಿಗೆ 1991ರ ಬ್ರಿಟಿಷ್ ಫಾರ್ಮುಲಾ ತ್ರೀ ನಂತರ ದಕ್ಕಿದ ಮೊದಲ ದೊಡ್ಡ ಪ್ರಶಸ್ತಿ ಅದು. 2022ರಲ್ಲಿ, ಐವತ್ತರ ವಯಸ್ಸಿನಲ್ಲಿ, ಮತ್ತೆ ಗೆದ್ದರು. ಹೊಸಬರು ಒಬ್ಬ ಚಾಲಕನನ್ನು ಹಿಡಿದುಕೊಂಡು ಹಳೆಯ ಋತುವೊಂದನ್ನು ಮರಳಿ ನೋಡಲು ಬಯಸಿದರೆ 2014ನ್ನೇ ಆಯ್ದುಕೊಳ್ಳಲಿ ಎಂದು ನಾನು ಹೇಳುತ್ತೇನೆ. ಚಾಲಕರ ಹೆಸರುಗಳಲ್ಲಿ ಮನೆತನಗಳು ಮರುಕಳಿಸುವುದನ್ನೂ ಗಮನಿಸಿ: 1999ರಿಂದ ಸತತ ಮೂರು ಬಾರಿ ಗೆದ್ದ ಚಿಕೊ ಸೆರ್‍ರಾ ಅವರ ಮಗ ಡೇನಿಯಲ್ 2017ರಿಂದ ಸತತ ಮೂರು ಬಾರಿ ಗೆದ್ದರು, ಮೊದಲ ಚಾಂಪಿಯನ್ ಪಾವ್ಲೊ ಗೋಮೆಸ್ ಅವರ ಮಗ ಮಾರ್ಕೋಸ್ 2015ರಲ್ಲಿ ಗೆದ್ದರು. ಬರೀ ಮನೆತನದ ಹೆಸರನ್ನಷ್ಟೇ ಬರೆದರೆ ಹಳೆಯ ದಾಖಲೆಗಳಲ್ಲಿ ತಂದೆ ಮಗ ಬೆರೆತುಹೋಗುತ್ತಾರೆ.

ಕೊನೆಯದಾಗಿ, ರೇಸ್ ಮುಗಿದ ಕೂಡಲೇ ಅಂಕಗಳನ್ನು ಶಾಯಿಯಲ್ಲಿ ಬರೆಯಬೇಡಿ. ಧ್ವಜ ಬಿದ್ದ ಮೇಲೂ ಕಾರುಗಳ ತಪಾಸಣೆ ನಡೆಯುತ್ತದೆ, ಡಿಕ್ಕಿಗಳ ವಿಡಿಯೊ ನೋಡಿ ತೀರ್ಪುಗಾರರು ಸೆಕೆಂಡುಗಳ ದಂಡ ಹಾಕುತ್ತಾರೆ, ತಂಡಗಳು ಮೇಲ್ಮನವಿ ಸಲ್ಲಿಸುತ್ತವೆ. ಒಬ್ಬನಿಗೆ ಐದು ಸೆಕೆಂಡು ದಂಡ ಬಿದ್ದರೆ ನಾಲ್ಕೈದು ಹೆಸರುಗಳ ಸ್ಥಾನ ಅದಲುಬದಲಾಗುತ್ತದೆ. ಭಾನುವಾರ ರಾತ್ರಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು, ಅಧಿಕೃತ ಫಲಿತಾಂಶ ಪ್ರಕಟವಾದ ಮೇಲೆ, ಸಾಮಾನ್ಯವಾಗಿ ಸೋಮವಾರ ಸಂಜೆಯ ಹೊತ್ತಿಗೆ, ಅದರೊಂದಿಗೆ ತಾಳೆ ನೋಡಿ ಶಾಯಿಯಲ್ಲಿ ಬರೆದು ಎರಡೂ ಮೊತ್ತಗಳನ್ನು ಹೊಸದಾಗಿ ಕೂಡಿ.